ದಿಲ್ಲಿಯ ಒಂದು ಆದೇಶ, ಮನೆಯ ಮೂವರಿಗೆ ಮೂರು ಥರ ಯಾಕೆ?

ಪ್ರಶ್ನೆ: ಸರ್, ನಮಸ್ಕಾರ. ನಾನು ಕಾರ್ಕಳ ತಾಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. 2008ರಲ್ಲಿ ಸೇರಿದ್ದು. ನಮ್ಮ ಯಜಮಾನರು 2005ರಿಂದ ಉಡುಪಿಯಲ್ಲಿ ಅಂಚೆ ಇಲಾಖೆಯಲ್ಲಿದ್ದಾರೆ. ನಾದಿನಿ ಹೆಬ್ರಿ ಕಡೆ ಅಂಗನವಾಡಿ ಕಾರ್ಯಕರ್ತೆ. ಮೂವರೂ ಸರಕಾರದ ಕೆಲಸದವರು ಅಂತ ಊರಲ್ಲಿ ಹೇಳುತ್ತಾರೆ. ಆದರೆ ದಿಲ್ಲಿಯಲ್ಲಿ ಏನು ಬದಲಾದರೂ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ. ಯಜಮಾನರಿಗೆ ಕೇಂದ್ರದ ಹೊಸ ಪಿಂಚಣಿ ಯೋಜನೆ ಯುಪಿಎಸ್ ಬೇಕಾ ಅಂತ ಕೇಳಿದರು. ಗಡುವಿನ ಕೊನೆಯ ವಾರದಲ್ಲಿ ಹೂಂ ಅಂದುಬಿಟ್ಟರು. ಈಗ ತಪ್ಪು ಮಾಡಿದೆನಾ ಅಂತ ರಾತ್ರಿ ನಿದ್ದೆ ಇಲ್ಲ. ನನಗೆ ಯಾರೂ ಏನೂ ಕೇಳಲೇ ಇಲ್ಲ. ಎಂಟನೇ ವೇತನ ಆಯೋಗ ಬಂತು ಅಂತ ಶಾಲೆಯ ಗ್ರೂಪಿನಲ್ಲಿ ದಿನಾ ಮೆಸೇಜು ಬರುತ್ತದೆ. ಅದು ನನಗೂ ಸಿಗುತ್ತದಾ? 2025ರ ಜುಲೈ ಲೆಕ್ಕಕ್ಕೆ ಅವರ ತುಟ್ಟಿಭತ್ಯೆ ಶೇ. 58, ನನ್ನದು ಶೇ. 14.25. ಇದು ಅನ್ಯಾಯ ಅಲ್ವಾ? ಇನ್ನು ನಾದಿನಿಗೆ ಪಿಂಚಣಿಯೂ ಇಲ್ಲ, ಸಂಬಳ ಅನ್ನುವ ಹೆಸರೂ ಇಲ್ಲ, ಕೆಲಸ ಮಾತ್ರ ವರ್ಷ ವರ್ಷ ಜಾಸ್ತಿ. ಅವಳಿಗೆ ಏನಾದರೂ ದಾರಿ ಇದೆಯಾ?

ಉತ್ತರ:

ಟೀಚರೇ, ಮೊದಲು ಯಜಮಾನರಿಗೆ ಹೇಳಿ, ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ. ಅವರು ಹೋದ ಬಾಗಿಲು ಇನ್ನೂ ಮುಚ್ಚಿಲ್ಲ. ಯುಪಿಎಸ್ ಆರಿಸಿಕೊಂಡವರು ಒಂದು ಸಲ ಮಾರುಕಟ್ಟೆಯಲ್ಲಿ ಹಣ ಬೆಳೆಯುವ ಮೊದಲಿನ ಪಿಂಚಣಿ ಯೋಜನೆ ಎನ್‌ಪಿಎಸ್‌ಗೆ ವಾಪಸ್ ಬರಬಹುದು. ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಬರೆದುಕೊಡಬೇಕು. ಸ್ವಯಂ ನಿವೃತ್ತಿಯಾದರೆ ಮೂರು ತಿಂಗಳು ಮುಂಚೆ. ಹಾಗೆ ವಾಪಸ್ ಬಂದ ಮೇಲೆ ಮತ್ತೆ ಯುಪಿಎಸ್ ಇಲ್ಲ. ಅಂದರೆ ಯೋಚನೆ ಮಾಡಲು ಅವರಿಗೆ ಇನ್ನೂ ಎಷ್ಟೋ ವರ್ಷ ಇದೆ.

ನಾನು 33 ವರ್ಷ ಲೆಕ್ಕಪತ್ರದ ಕೆಲಸದಲ್ಲಿದ್ದೆ, ಹೆಚ್ಚಿನ ಪಾಲು ಮಂಗಳೂರು, ಉಡುಪಿಯಲ್ಲೇ. ನನಗೆ ಬರುತ್ತಿರುವುದು ಹಳೇ ಪಿಂಚಣಿ. ಅದನ್ನು ಮೊದಲೇ ಹೇಳುತ್ತೇನೆ. ತಿಂಗಳ ಮೊದಲಿಗೆ ನಿಗದಿಯಾಗಿ ಹಣ ಬೀಳುವವನು ಬೇರೆಯವರಿಗೆ ಪಿಂಚಣಿಯ ಬುದ್ಧಿ ಹೇಳುವಾಗ ಜಾಗ್ರತೆ ಬೇಕು.

ಯಜಮಾನರ ಲೆಕ್ಕ ನೋಡೋಣ. 2004ರ ಜನವರಿ 1ರಿಂದ ಈಚೆಗೆ ಕೇಂದ್ರದ ಕೆಲಸಕ್ಕೆ ಸೇರಿದವರಿಗೆ, ಸೇನೆಯವರನ್ನು ಬಿಟ್ಟು, ಹಳೇ ಪಿಂಚಣಿ ಇಲ್ಲ. ಎನ್‌ಪಿಎಸ್‌ನಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ ಶೇ. 10 ನೌಕರನಿಂದ ಕಡಿತ. ಸರಕಾರವೂ ಮೊದಲು ಶೇ. 10 ಹಾಕುತ್ತಿತ್ತು. 2019ರ ಏಪ್ರಿಲ್‌ನಿಂದ ಕೇಂದ್ರ ಅದನ್ನು ಶೇ. 14 ಮಾಡಿತು. ಈ ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ. ನಿವೃತ್ತಿಯ ದಿನ ಗಂಟಿನ ಶೇ. 60 ಕೈಗೆ ಸಿಗುತ್ತದೆ. ಉಳಿದ ಶೇ. 40ರಲ್ಲಿ ವಿಮಾ ಕಂಪನಿಯಿಂದ ಮಾಸಿಕ ಪಿಂಚಣಿ ಕೊಳ್ಳಲೇಬೇಕು. ಆ ಪಿಂಚಣಿಗೆ ತುಟ್ಟಿಭತ್ಯೆ ಇಲ್ಲ. 60ನೇ ವಯಸ್ಸಿನಲ್ಲಿ ಬಂದಷ್ಟೇ 80ರಲ್ಲೂ. ನೌಕರರ ಹೊಟ್ಟೆಗೆ ಬೆಂಕಿ ಬಿದ್ದದ್ದು ಇಲ್ಲೇ.

ಆ ಸಿಟ್ಟಿಗೆ ಉತ್ತರವಾಗಿ ಬಂದದ್ದು ಯುಪಿಎಸ್. ಕೇಂದ್ರ ಸಂಪುಟ 2024ರ ಆಗಸ್ಟ್ 24ರಂದು ಒಪ್ಪಿತು. 2025ರ ಏಪ್ರಿಲ್ 1ರಿಂದ ಜಾರಿ. 25 ವರ್ಷ ಸೇವೆ ಮುಗಿಸಿದವರಿಗೆ ಕೊನೆಯ 12 ತಿಂಗಳ ಮೂಲ ವೇತನದ ಸರಾಸರಿಯಲ್ಲಿ ಅರ್ಧ ಖಾತ್ರಿ. ಕಡಿಮೆ ಸೇವೆಗೆ ಅದೇ ಪ್ರಮಾಣದಲ್ಲಿ ಕಡಿಮೆ. 10 ವರ್ಷ ಆದವರಿಗೆ ತಿಂಗಳಿಗೆ ಕನಿಷ್ಠ 10,000 ರೂಪಾಯಿ. ಮೇಲಿಂದ ಪಿಂಚಣಿಯವರ ತುಟ್ಟಿಭತ್ಯೆಯಾದ ತುಟ್ಟಿ ಪರಿಹಾರವೂ ಸಿಗುತ್ತದೆ.

ಸುಮ್ನೆ ಒಂದು ಉದಾಹರಣೆ ತೆಗೆದುಕೊಳ್ಳಿ. ನಿವೃತ್ತಿಯ ಹೊತ್ತಿಗೆ ಯಜಮಾನರ ಮೂಲ ವೇತನ 70,000 ರೂಪಾಯಿ, ಸೇವೆ 32 ವರ್ಷ, ತುಟ್ಟಿಭತ್ಯೆ ಶೇ. 50, ಎನ್‌ಪಿಎಸ್ ಗಂಟು 1 ಕೋಟಿ ಅಂದುಕೊಳ್ಳಿ. ಯುಪಿಎಸ್‌ನಲ್ಲಿ ತಿಂಗಳಿಗೆ 35,000, ಅದರ ಮೇಲೆ ತುಟ್ಟಿ ಪರಿಹಾರ. ಅವರ ಕಾಲದ ನಂತರ ನಿಮಗೆ ಅದರ ಶೇ. 60, ಅಂದರೆ 21,000 ಮತ್ತು ತುಟ್ಟಿ ಪರಿಹಾರ. ಜೊತೆಗೆ ಪ್ರತಿ ಆರು ತಿಂಗಳ ಸೇವೆಗೆ ಸಂಬಳದ ಹತ್ತನೇ ಒಂದು ಪಾಲು ಇಡಿಗಂಟು. 32 ವರ್ಷಕ್ಕೆ 64 ಅರ್ಧವರ್ಷ. 1,05,000ದ ಹತ್ತನೇ ಒಂದು ಪಾಲನ್ನು 64ರಿಂದ ಗುಣಿಸಿದರೆ 6,72,000 ರೂಪಾಯಿ. ಗ್ರಾಚುಟಿ ಬೇರೆ. ಅದು ಎರಡೂ ಕಡೆ ಇದೆ.

ಎನ್‌ಪಿಎಸ್‌ನಲ್ಲೇ ಉಳಿದಿದ್ದರೆ 60 ಲಕ್ಷ ಕೈಗೆ. ಉಳಿದ 40 ಲಕ್ಷಕ್ಕೆ ವರ್ಷಕ್ಕೆ ಶೇ. 6ರ ಹಾಗೆ ಲೆಕ್ಕ ಹಾಕಿದರೆ ತಿಂಗಳಿಗೆ 20,000. ಅದು ಏರುವುದಿಲ್ಲ.

60 ಲಕ್ಷ ಅಂದಾಗ ಯಾರಿಗೂ ಕಣ್ಣು ಅರಳುತ್ತದೆ. ಯುಪಿಎಸ್‌ನಲ್ಲಿ ಆ ಗಂಟು ಪೂರ್ತಿ ಸರಕಾರದ ನಿಧಿಗೆ ಸೇರುತ್ತದೆ. ಅದರಿಂದ ಶೇ. 60ರವರೆಗೆ ತೆಗೆದುಕೊಳ್ಳಬಹುದು, ಆದರೆ ತೆಗೆದಷ್ಟು ಪ್ರಮಾಣದಲ್ಲಿ ಪಿಂಚಣಿಯೂ ಇಳಿಯುತ್ತದೆ. ಗಂಡ ಹೆಂಡತಿ ಇಬ್ಬರ ಕಾಲವೂ ಮುಗಿದ ಮೇಲೆ ಮಕ್ಕಳಿಗೆ ಅಂತ ಗಂಟು ಉಳಿಯುವುದಿಲ್ಲ. ಎನ್‌ಪಿಎಸ್‌ನಲ್ಲಿ ಮೂಲಧನ ನಾಮಿನಿಗೆ ವಾಪಸ್ ಬರುವಂಥ ಪಿಂಚಣಿ ಕೊಳ್ಳಬಹುದು. ಹೆಚ್ಚಿನವರು ಹಿಂಜರಿದದ್ದು ಇದಕ್ಕೇ ಅಂತ ನನಗೆ ಅನಿಸುತ್ತದೆ. ಯೋಜನೆಗೆ ಅರ್ಹರು ಸುಮಾರು 23 ಲಕ್ಷ. ಗಡುವು ಜೂನ್ 30 ಇದ್ದದ್ದು ಸೆಪ್ಟೆಂಬರ್ 30 ಆಯಿತು, ಆಮೇಲೆ 2025ರ ನವೆಂಬರ್ 30 ಆಯಿತು. ಅಷ್ಟು ದಿನ ಕೊಟ್ಟರೂ ಬಂದವರು ಸುಮಾರು 1.22 ಲಕ್ಷ ಅಂತ ಸಂಸತ್ತಿನಲ್ಲಿ ಉತ್ತರ ಕೊಟ್ಟರು.

ಹಾಗಾದರೆ ನಿಮ್ಮ ಯಜಮಾನರು ಮಾಡಿದ್ದು ತಪ್ಪಾ? ನನ್ನ ಪ್ರಕಾರ ಅಲ್ಲ. 25 ವರ್ಷದ ಸೇವೆ ದಾಟುವವರು, ಕೊನೆಯವರೆಗೆ ಕೆಲಸ ಮಾಡುವವರು, ಮಾರುಕಟ್ಟೆ ಬಿದ್ದಾಗ ಎದೆ ಹೊಡೆದುಕೊಳ್ಳುವವರು, ಇಂಥವರಿಗೆ ತಿಂಗಳಿಗೆ ಇಷ್ಟು ಅನ್ನುವ ಖಾತ್ರಿಯೇ ವಾಸಿ. ನಿವೃತ್ತಿಯ ಗಂಟು ಕೈಗೆ ಬಂದ ಎರಡೇ ವರ್ಷದಲ್ಲಿ ಮನೆ ಕಟ್ಟಿ, ಮದುವೆ ಮಾಡಿಸಿ, ಮಗನ ಅಂಗಡಿಗೆ ಹಾಕಿ ಖಾಲಿಯಾದ ಮನೆಗಳನ್ನು ನಾನು ತುಂಬ ನೋಡಿದ್ದೇನೆ. ತಿಂಗಳ ಪಿಂಚಣಿಯನ್ನು ಯಾರೂ ಒಟ್ಟಿಗೆ ಕೇಳಲಾರರು. ಆದರೆ ಮಧ್ಯದಲ್ಲೇ ಕೆಲಸ ಬಿಡುವ ಯೋಚನೆ ಅವರಿಗೆ ಇದ್ದರೆ ಲೆಕ್ಕ ಬೇರೆ. ಸ್ವಯಂ ನಿವೃತ್ತಿ ಪಡೆದರೆ ಯುಪಿಎಸ್ ಹಣ ತಕ್ಷಣ ಶುರುವಾಗುವುದಿಲ್ಲ. ಕೆಲಸದಲ್ಲೇ ಇದ್ದಿದ್ದರೆ ಯಾವ ದಿನ ನಿವೃತ್ತಿ ಆಗುತ್ತಿತ್ತೋ ಆ ದಿನದಿಂದ. 52ಕ್ಕೆ ಬಿಟ್ಟರೆ ಎಂಟು ವರ್ಷ ಕಾಯಬೇಕು. ಇದನ್ನು ಗಟ್ಟಿಯಾಗಿ ಹೇಳಿ ಅವರಿಗೆ.

ಇನ್ನೊಂದು. 2005ರಲ್ಲಿ ಸೇರಿದವರು ಅಂದಿರಿ. ಅವರ ಹುದ್ದೆಗೆ ಅರ್ಜಿ ಕರೆದದ್ದು ಯಾವಾಗ? 2003ರ ಡಿಸೆಂಬರ್ 22ಕ್ಕಿಂತ ಮುಂಚೆ ಪ್ರಕಟಣೆ ಬಂದಿದ್ದ ಹುದ್ದೆಗಳಿಗೆ ಸೇರಿದವರಿಗೆ ಹಳೇ ಪಿಂಚಣಿ ಆರಿಸಲು 2023ರ ಮಾರ್ಚ್‌ನಲ್ಲಿ ಕೇಂದ್ರ ಅವಕಾಶ ಕೊಟ್ಟಿತ್ತು. ಆ ಗಡುವು 2023ರ ಆಗಸ್ಟ್ 31ಕ್ಕೆ ಮುಗಿಯಿತು. ಆಗ ಅವರು ನೋಡಿರಬಹುದು. ನೋಡಿಲ್ಲ ಅಂದರೆ ಕಡತ ತೆಗೆದು ಒಮ್ಮೆ ನೋಡಲಿ.

ಈಗ ನಿಮ್ಮ ವಿಷಯ ಟೀಚರೇ. ನಿಮಗೆ ಯಾರೂ ಏನೂ ಕೇಳಲಿಲ್ಲ, ಯಾಕೆಂದರೆ ಕೇಳಬೇಕಾದವರು ದಿಲ್ಲಿಯಲ್ಲಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ ಅಂತ ಬೇರೆ ಬೇರೆ ಇದೆ. ಕೇಂದ್ರದ ನೌಕರರು ಮತ್ತು ಅವರ ಪಿಂಚಣಿ ಕೇಂದ್ರ ಪಟ್ಟಿಯ 70 ಮತ್ತು 71ನೇ ನಮೂದು. ರಾಜ್ಯದ ನೌಕರರು ಮತ್ತು ಅವರ ಪಿಂಚಣಿ ರಾಜ್ಯ ಪಟ್ಟಿಯ 41 ಮತ್ತು 42. ನಿಮ್ಮ ನೇಮಕದ ಆದೇಶಕ್ಕೆ ಸಹಿ ಹಾಕಿದ್ದು ಕರ್ನಾಟಕ ಸರಕಾರದ ಅಧಿಕಾರಿ. ಹಾಗಾಗಿ ದಿಲ್ಲಿಯಲ್ಲಿ ಯುಪಿಎಸ್ ಬಂದ ಮಾತ್ರಕ್ಕೆ ನಿಮಗೆ ಬರುವುದಿಲ್ಲ. ಬೆಂಗಳೂರಿನಲ್ಲಿ ಹಣಕಾಸು ಇಲಾಖೆ ಬೇರೆ ಆದೇಶ ಹೊರಡಿಸಬೇಕು. ಮಹಾರಾಷ್ಟ್ರ ಸಂಪುಟ ಕೇಂದ್ರ ಒಪ್ಪಿದ ಮರುದಿನವೇ ಯುಪಿಎಸ್‌ಗೆ ಹೂಂ ಅಂದಿತು. ರಾಜಸ್ಥಾನ, ಛತ್ತೀಸಗಢ, ಪಂಜಾಬ್, ಹಿಮಾಚಲ ಹಳೇ ಪಿಂಚಣಿಗೆ ಮರಳುವ ನಿರ್ಧಾರ ಮಾಡಿದವು. ಅವರವರ ದಾರಿ ಅವರವರಿಗೆ.

ಎನ್‌ಪಿಎಸ್ ನಮ್ಮ ರಾಜ್ಯಕ್ಕೆ ಬಂದದ್ದೂ ಹೀಗೇ. ಕೇಂದ್ರಕ್ಕೆ 2004ರ ಜನವರಿ 1, ನಮಗೆ 2006ರ ಏಪ್ರಿಲ್ 1. ನೀವು 2008ರಲ್ಲಿ ಸೇರಿದ್ದರಿಂದ ಅದರೊಳಗೆ ಬಿದ್ದಿರಿ. ಆದರೆ ನಿಮ್ಮದೂ ಒಂದು ಕಾಗದ ತೆಗೆದು ನೋಡಲೇಬೇಕು. 2006ರ ಏಪ್ರಿಲ್‌ಗೆ ಮುಂಚೆ ಅಧಿಸೂಚನೆಯಾಗಿ, ಪಟ್ಟಿ ತಡವಾಗಿ, ಆಮೇಲೆ ಕೆಲಸಕ್ಕೆ ಸೇರಿದ ಸುಮಾರು 13,000 ನೌಕರರನ್ನು 2024ರ ಜನವರಿಯಲ್ಲಿ ರಾಜ್ಯ ಸರಕಾರ ಹಳೇ ಪಿಂಚಣಿಗೆ ತಂದಿತು.

ಆ ಆದೇಶ ಬಂದ ಸಮಯದಲ್ಲಿ ಒಬ್ಬರು ಶಿಕ್ಷಕಿ ನಮ್ಮ ಮನೆಗೆ ಬಂದಿದ್ದರು. ನೇಮಕ ಆದೇಶದ ಜೆರಾಕ್ಸ್ ತಂದಿದ್ದರು, ಮಡಿಕೆ ಬಿದ್ದ ಕಡೆ ಅಕ್ಷರ ಹೋಗಿತ್ತು. ಅವರು ಸೇರಿದ ದಿನಾಂಕಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದುಕೊಂಡು, "ನನಗೆ ಇಲ್ಲ ಸರ್, ಸುಮ್ನೆ ಕೇಳಿ ಹೋಗೋಣ ಅಂತ ಬಂದೆ" ಅಂದರು. ನಾನು ನೋಡಿದ್ದು ಆ ಗೆರೆಯನ್ನಲ್ಲ. ಆದೇಶದ ಮೇಲ್ಗಡೆ "ಉಲ್ಲೇಖ" ಅಂತ ಇರುತ್ತದಲ್ಲ, ಅದರ ಒಂದನೇ ಸಾಲನ್ನು. ಅಧಿಸೂಚನೆಯ ಸಂಖ್ಯೆ, ದಿನಾಂಕ ಅಲ್ಲಿತ್ತು. ಬಿಸಿಲಿಗೆ ಹಿಡಿದು ಓದಿದರೆ 2005. ಅವರು ಅಷ್ಟು ವರ್ಷ ಆ ಕಾಗದ ಇಟ್ಟುಕೊಂಡಿದ್ದರು, ಆ ಸಾಲು ಓದಿರಲಿಲ್ಲ. ನಿಮ್ಮದು ಬಹುಶಃ 2007ರ ಅಧಿಸೂಚನೆ ಇರಬೇಕು. ಆದರೂ ಆ ಒಂದನೇ ಸಾಲನ್ನು ಓದಿ.

ವೇತನ ಆಯೋಗದ ಮಾತು. ಎಂಟನೇ ಕೇಂದ್ರ ವೇತನ ಆಯೋಗಕ್ಕೆ ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅಧ್ಯಕ್ಷರು. ವರದಿಗೆ 18 ತಿಂಗಳು ಅಂತ 2025ರ ನವೆಂಬರ್‌ನಲ್ಲಿ ನೇಮಕವಾಯಿತು. ಅದು ಯಜಮಾನರಿಗೆ, ನಿಮಗಲ್ಲ. ರಾಜ್ಯಕ್ಕೆ ತನ್ನದೇ ಆಯೋಗ, ತನ್ನದೇ ಗಡಿಯಾರ. ಕೇಂದ್ರದ ವೇತನ 2016ರ ನಂತರ ಪರಿಷ್ಕರಣೆ ಆಗಿಲ್ಲ. ಅಷ್ಟರೊಳಗೆ ರಾಜ್ಯದಲ್ಲಿ ಎರಡು ಸಲ ಆಗಿದೆ, 2017ರ ಜುಲೈ ಲೆಕ್ಕಕ್ಕೆ ಒಂದು, 2022ರ ಜುಲೈ ಲೆಕ್ಕಕ್ಕೆ ಇನ್ನೊಂದು.

58 ಮತ್ತು 14.25ರ ಗುಟ್ಟೂ ಇದೇ. ತುಟ್ಟಿಭತ್ಯೆ ಶೇಕಡಾ ಎಷ್ಟು ಅಂತ ಮಾತ್ರ ನೋಡಬೇಡಿ, ಯಾವುದರ ಶೇಕಡಾ ಅಂತ ನೋಡಿ. ಯಜಮಾನರ ಮೂಲ ವೇತನ 2016ರಲ್ಲಿ ನಿಂತದ್ದು. ಅಂದಿನಿಂದ ಬೆಲೆ ಏರಿದ್ದೆಲ್ಲ ತುಟ್ಟಿಭತ್ಯೆಯಾಗಿ ಮೇಲೆ ಕೂತು 2025ರ ಜುಲೈಗೆ ಶೇ. 58 ಆಯಿತು. ನಿಮ್ಮದರಲ್ಲಿ 2022ರ ಜುಲೈಗೆ ಇದ್ದ ಶೇ. 31 ತುಟ್ಟಿಭತ್ಯೆಯನ್ನು ಮೂಲ ವೇತನಕ್ಕೇ ಸೇರಿಸಿದರು, ಜೊತೆಗೆ ಶೇ. 27.5 ಕೊಟ್ಟರು. ಅದು ಕೈಗೆ ಬಂದದ್ದು 2024ರ ಆಗಸ್ಟ್‌ನಿಂದ. ಮೀಟರು ಹೊಸದಾಗಿ ಶುರುವಾಗಿ 2025ರ ಜುಲೈಗೆ 14.25ಕ್ಕೆ ಬಂತು. ಈಗ ಕೇಂದ್ರ ಶೇ. 1 ಏರಿಸಿದರೆ ರಾಜ್ಯ ಶೇ. 0.722 ಏರಿಸುವ ಲೆಕ್ಕ. ಹಾಗಾಗಿ ಇಷ್ಟಕ್ಕೇ ಅನ್ಯಾಯ ಅನ್ನಲಾಗದು.

ಅನ್ಯಾಯ ಇರುವುದು ಬೇರೆ ಕಡೆ. ಕೊಡುವ ವಿಷಯ ಬಂದಾಗ ಕೇಂದ್ರಕ್ಕೂ ರಾಜ್ಯಕ್ಕೂ ನಡುವೆ ವರ್ಷಗಟ್ಟಲೆ ದೂರ. ಕೇಂದ್ರ 2019ರಲ್ಲಿ ತನ್ನ ಪಾಲನ್ನು ಶೇ. 14 ಮಾಡಿದಾಗ ನಮ್ಮ ರಾಜ್ಯ ಕೂಡಲೇ ಮಾಡಲಿಲ್ಲ, ಆಮೇಲೆ ಮಾಡಿತು. ಆದರೆ ಕೊರೋನಾ ಸಮಯದಲ್ಲಿ, 2020ರ ಏಪ್ರಿಲ್‌ನಲ್ಲಿ, ಕೇಂದ್ರ ತುಟ್ಟಿಭತ್ಯೆಯ ಮೂರು ಕಂತು ತಡೆಹಿಡಿದಾಗ ರಾಜ್ಯ ಕೆಲವೇ ವಾರಗಳಲ್ಲಿ ಹಿಂಬಾಲಿಸಿತು. ಕಡಿತ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತದೆ, ಏರಿಕೆ ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಶಟಲ್‌ನಲ್ಲಿ. 2021ರ ಜುಲೈನಿಂದ ತುಟ್ಟಿಭತ್ಯೆ ಮತ್ತೆ ಏರಿತು, ಆದರೆ ಆ ಒಂದೂವರೆ ವರ್ಷದ ಬಾಕಿ ಯಾರಿಗೂ ಸಿಗಲಿಲ್ಲ. ಆ ಅವಧಿಯಲ್ಲಿ ನಿವೃತ್ತರಾದವರ ಕಡತಗಳನ್ನು ನೋಡಿದವನು ನಾನು. ಒಳಗೆ ಈಗಲೂ ನೋಯುತ್ತದೆ.

ದಿಲ್ಲಿಯ ಒಂದು ಕಾಗದ ಏನು ಮಾಡಬಲ್ಲದು ಅಂತ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. ಮುಂದಿನ ವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ. ನಮ್ಮೂರಲ್ಲೇ ಹುಟ್ಟಿದ ಮೂರು ಬೋರ್ಡು ಇಳಿದವು. ಅಂಚೆಯಲ್ಲೂ 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಕೌಂಟರಿನ ಆಚೆ ನಿಂತವರಿಗೆ ಅದನ್ನು ದಿನಕ್ಕೆ ಎಷ್ಟು ಸಲ ವಿವರಿಸಬೇಕು ಅಂತ ಯಜಮಾನರನ್ನು ಕೇಳಿದರೆ ಗೊತ್ತಾಗುತ್ತದೆ.

ಈಗ ಬರೆಯುವುದನ್ನು ನೀವಿಬ್ಬರೂ ಕೂತು ಓದಿ. ಎನ್‌ಪಿಎಸ್ ಇರಲಿ, ಯುಪಿಎಸ್ ಇರಲಿ, ಸಂಬಳದಿಂದ ಕಡಿತವಾದ ಹಣ ಖಾತೆಗೆ ಹೋಗಿದೆಯಾ ಅನ್ನುವುದು ಮೊದಲ ಪ್ರಶ್ನೆ. ಕಡಿತ ಆಗುವುದು ಬಿಲ್ಲಿನಲ್ಲಿ. ಅದು ನಿಮ್ಮ ಪ್ರಾನ್ ನಂಬರಿಗೆ, ಅಂದರೆ ಪಿಂಚಣಿ ಖಾತೆಗೆ, ಸೇರಲು ಬೇರೆ ಫೈಲು ಅಪ್‌ಲೋಡ್ ಆಗಬೇಕು, ಹಣ ಟ್ರಸ್ಟಿ ಬ್ಯಾಂಕಿಗೆ ಹೋಗಬೇಕು, ಆ ದಿನದ ಬೆಲೆಗೆ ಯೂನಿಟ್ ಕೊಳ್ಳಬೇಕು. ಮಧ್ಯದಲ್ಲಿ ಒಂದು ಅಂಕೆ ತಪ್ಪಿದರೆ ಹಣ ಅಲ್ಲೇ ನಿಲ್ಲುತ್ತದೆ. ಸಂಬಳ ಚೀಟಿಯಲ್ಲಿ ಮಾತ್ರ ಕಡಿತ ಸರಿಯಾಗಿಯೇ ಕಾಣುತ್ತದೆ.

ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಹೀಗಾಗಿತ್ತು. ಅಲ್ಲಿಯ ಅಟೆಂಡರ್ ಒಬ್ಬರು ಮೊನ್ನೆ ಸ್ಟೇಟ್‌ಮೆಂಟ್ ಹಿಡಿದುಕೊಂಡು ಬಂದರು. ಊಟದ ಮೇಜಿನ ಮೇಲೆ ಹರಡಿ, ಒಂದು ಸ್ಕೇಲ್ ಇಟ್ಟು ಸಾಲು ಸಾಲಾಗಿ ಕೆಳಗೆ ಬಂದೆವು. 2011ರ ಜುಲೈ, ಆಗಸ್ಟ್, ಸೆಪ್ಟೆಂಬರ್. ಸ್ಕೇಲ್ ಕೆಳಗೆ ಜಾರಿಸಿದರೆ ಮುಂದಿನ ಸಾಲು 2012ರ ಆಗಸ್ಟ್. ಮಧ್ಯದ ಹತ್ತು ತಿಂಗಳು ಇಲ್ಲ. ಆಗ ಅವರ ಸಂಬಳ, ತುಟ್ಟಿಭತ್ಯೆ ಸೇರಿ 18,000. ಅವರದು 1,800, ಸರಕಾರದ್ದು 1,800. ಹತ್ತು ತಿಂಗಳಿಗೆ 36,000 ರೂಪಾಯಿ. ವರ್ಷಕ್ಕೆ ಶೇ. 9ರ ಹಾಗೆ ಬೆಳೆದಿದ್ದರೂ 13 ವರ್ಷಕ್ಕೆ ಮೂರು ಪಟ್ಟು ಆಗುತ್ತಿತ್ತು, ಒಂದು ಲಕ್ಷದ ಮೇಲೆ. ಅವರು ಸ್ವಲ್ಪ ಹೊತ್ತು ಆ ಎರಡು ಸಾಲಿನ ನಡುವೆ ಬೆರಳಿಟ್ಟುಕೊಂಡೇ ಕೂತಿದ್ದರು. ಆ ವರ್ಷ ನಾನು ಅದೇ ಕಚೇರಿಯ ಇನ್ನೊಂದು ವಿಭಾಗದಲ್ಲಿದ್ದೆ. ಗೊತ್ತಿದ್ದರೆ ಆಗಲೇ ಸರಿ ಮಾಡಿಸಬಹುದಿತ್ತು.

ನೀವು ಹೀಗೆ ಮಾಡಿ. ಸೇರಿದ ತಿಂಗಳಿನಿಂದ ಇವತ್ತಿನವರೆಗೆ ಪ್ರಾನ್ ಸ್ಟೇಟ್‌ಮೆಂಟ್ ತೆಗೆಯಿರಿ, ಪಕ್ಕದಲ್ಲಿ ಎಚ್‌ಆರ್‌ಎಂಎಸ್ ಸಂಬಳ ಚೀಟಿ ಇಟ್ಟುಕೊಳ್ಳಿ. ಸ್ಕೇಲ್ ಇಟ್ಟು ನೋಡಿ. ತಪ್ಪಿದ ತಿಂಗಳು, ಬಿಲ್ಲಿನ ಸಂಖ್ಯೆ, ಕಡಿತದ ಮೊತ್ತ ಒಂದು ಹಾಳೆಯಲ್ಲಿ ಬರೆದು ನಿಮ್ಮ ವೇತನ ಬಟವಾಡೆ ಅಧಿಕಾರಿಗೆ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ವರ್ಗಾವಣೆ ಆದ ವರ್ಷಗಳನ್ನು ಎರಡು ಸಲ ನೋಡಿ. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಒಂದು ಕಚೇರಿ ಬಿಟ್ಟು ಇನ್ನೊಂದಕ್ಕೆ ಸೇರಿದ ತಿಂಗಳುಗಳದ್ದೇ. ಇದನ್ನು ಮಾಡದೆ ಸುಮ್ನೆ ಮಣಿಪಾಲದ ರಜತಾದ್ರಿಗೆ, ಜಿಲ್ಲಾ ಕಚೇರಿಗಳ ಕಟ್ಟಡಕ್ಕೆ, ಓಡಬೇಡಿ, ಅಲ್ಲಿ ಮೊದಲು ಕೇಳುವುದೇ ಯಾವ ತಿಂಗಳು ಅಂತ. ಯಜಮಾನರಿಗೆ ಇದು ಇನ್ನೂ ಮುಖ್ಯ. ಯುಪಿಎಸ್‌ನಲ್ಲಿ ಪೂರ್ತಿ ಪಿಂಚಣಿ ಸಿಗಬೇಕಾದರೆ ಅವರ ಗಂಟು ಒಂದು ನಿಗದಿತ ಮಟ್ಟದಲ್ಲಿ ಇರಬೇಕು. ಎಲ್ಲ ತಿಂಗಳೂ ಸರಿಯಾಗಿ ಹಣ ಬಿದ್ದು ಬೆಳೆದಿದ್ದರೆ ಎಷ್ಟಾಗುತ್ತಿತ್ತೋ ಅಷ್ಟು. ಅದಕ್ಕಿಂತ ಕಡಿಮೆ ಇದ್ದರೆ ಪಿಂಚಣಿಯೂ ಅಷ್ಟರ ಮಟ್ಟಿಗೆ ಕಡಿಮೆ.

ನಾದಿನಿಯ ವಿಷಯ ಕೊನೆಗೆ ಬರೆಯುತ್ತಿದ್ದೇನೆ. ಹೇಳಬೇಕಾದ್ದು ಜಾಸ್ತಿ ಇದೆ, ಅದಕ್ಕೆ.

ಅಂಗನವಾಡಿ ಶುರುವಾದದ್ದು 1975ರ ಅಕ್ಟೋಬರ್ 2ಕ್ಕೆ, ದೇಶದ 33 ಬ್ಲಾಕುಗಳಲ್ಲಿ. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರ. ಐವತ್ತು ವರ್ಷ ಕಳೆದರೂ ಆ ಅಕ್ಕಂದಿರು ನೌಕರರಲ್ಲ, ಗೌರವಧನದ ಕಾರ್ಯಕರ್ತೆಯರು. ಯೋಜನೆ ದಿಲ್ಲಿಯದ್ದು, ನೇಮಕ ರಾಜ್ಯದ್ದು, ಹಣ ಶೇ. 60 ಅಲ್ಲಿಂದ, ಶೇ. 40 ಇಲ್ಲಿಂದ. ಕೇಂದ್ರದ ಲೆಕ್ಕದಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ. ಇದು 2018ರ ಅಕ್ಟೋಬರ್‌ನಲ್ಲಿ ನಿಗದಿಯಾದದ್ದು. ಅದರ ಮೇಲೆ ಕೈಗೆ ಬರುವುದೆಲ್ಲ ರಾಜ್ಯ ತನ್ನ ಬೊಕ್ಕಸದಿಂದ ಸೇರಿಸಿದ್ದು. ವೇತನ ಆಯೋಗದ ಮುಂದೆ ಅವರ ಹೆಸರೇ ಬರುವುದಿಲ್ಲ.

ಆದರೆ ಕೆಲಸದ ಬದಲಾವಣೆ ಮೊದಲು ಮುಟ್ಟುವುದು ಅವರನ್ನೇ. 2021ರಲ್ಲಿ ಅಂಗನವಾಡಿಯ ಲೆಕ್ಕ ಮೊಬೈಲಿನಲ್ಲಿ ಹಾಕುವ ಪೋಷಣ್ ಟ್ರ್ಯಾಕರ್ ಆ್ಯಪ್ ಬಂತು. 2025ರ ಜುಲೈನಿಂದ ಮನೆಗೆ ಕೊಡುವ ಆಹಾರಕ್ಕೆ ಫಲಾನುಭವಿಯ ಮುಖ ತೋರಿಸುವುದು ಕಡ್ಡಾಯವಾಯಿತು. ಕಳೆದ ಮಳೆಗಾಲ ನಾನು ಹೆಬ್ರಿ ಕಡೆ ಸಂಬಂಧಿಕರ ಮನೆಗೆ ಹೋಗಿದ್ದಾಗ ಪಕ್ಕದ ಅಂಗನವಾಡಿಯಲ್ಲಿ ಇದನ್ನು ನೋಡಿದೆ. ಒಳಗೆ ನೆಟ್‌ವರ್ಕ್ ಇಲ್ಲ. ಅಂಗಳದ ಕೊನೆಯಲ್ಲಿ, ಹಲಸಿನ ಮರದ ಬುಡದಲ್ಲಿ ಮಾತ್ರ ಒಂದು ಗೆರೆ ಸಿಗುತ್ತದೆ. ಬಾಣಂತಿ ಕೊಡೆಯ ಅಡಿಯಲ್ಲಿ, ಮಗು ಸೊಂಟದ ಮೇಲೆ. ಟೀಚರ್ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಆಕೆಯ ಮುಖವನ್ನು ಪರದೆಯ ಚೌಕಟ್ಟಿಗೆ ತರುತ್ತಿದ್ದರು. ಗಾಜಿನ ಮೇಲೆ ಹನಿ ಬಿದ್ದರೆ ಸೆರಗಿನಲ್ಲಿ ಒರೆಸುವುದು, ಮತ್ತೆ ಹಿಡಿಯುವುದು. ಅದು ಆಯಿತು ಅನ್ನುವಾಗ ಇನ್ನೊಬ್ಬ ತಾಯಿ ಬಂದರು. ಅವರ ಹೆಸರು ಇನ್ನೂ ಆಧಾರ್‌ಗೆ ಜೋಡಣೆಯಾಗಿರಲಿಲ್ಲ, ಓಟಿಪಿ ಬೇಕು. ಆಧಾರ್‌ಗೆ ಕೊಟ್ಟ ನಂಬರು ಗಂಡನದು, ಗಂಡ ಮುಂಬೈಯ ಹೋಟೆಲಿನಲ್ಲಿ. ಮಧ್ಯಾಹ್ನದ ಊಟದ ಹೊತ್ತು, ಗಿರಾಕಿ ಜಾಸ್ತಿ, ಅವನು ಫೋನ್ ಎತ್ತಲಿಲ್ಲ. ಒಳಗೆ ಹನ್ನೆರಡು ಮಕ್ಕಳು ಸಹಾಯಕಿಯ ಜೊತೆ. ಪಾಠ ಹೇಳಬೇಕಾದ ಟೀಚರ್ ಮರದ ಬುಡದಲ್ಲಿ.

ಕಳ್ಳ ಲೆಕ್ಕ ತಡೆಯಬೇಕು ಅನ್ನುವುದನ್ನು ನಾನು ಒಪ್ಪುತ್ತೇನೆ. ಲೆಕ್ಕದವನು ಬೇರೆ ಏನು ಹೇಳಲಿ? ಆದರೆ ನೆಟ್‌ವರ್ಕ್ ಇಲ್ಲದ ಊರಿಗೆ ಆ್ಯಪ್ ಕೊಟ್ಟು, ಆಹಾರ ತಪ್ಪಿದರೆ ತಾಯಂದಿರ ಬೈಗುಳವನ್ನು ಆ ಹೆಣ್ಣುಮಗಳು ಕೇಳಬೇಕು ಅನ್ನುವುದು ಸರಿಯಲ್ಲ. ನಾದಿನಿಗೆ ಹೇಳಿ, ಆ್ಯಪ್ ಕೈಕೊಟ್ಟ ದಿನ, ಸಮಯ, ಯಾರ ಹೆಸರು, ಪರದೆಯಲ್ಲಿ ಏನು ಬಂತು ಅಂತ ಒಂದು ಪುಸ್ತಕದಲ್ಲಿ ಬರೆದಿಡಲಿ. ಸ್ಕ್ರೀನ್‌ಶಾಟ್ ಇದ್ದರೆ ಇನ್ನೂ ಒಳ್ಳೆಯದು. ತಿಂಗಳ ಸಭೆಯಲ್ಲಿ ಅದರ ಪ್ರತಿ ಸೂಪರ್‌ವೈಸರ್ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳಲಿ. ನಾಳೆ ನೋಟಿಸ್ ಬಂದರೆ ಅವರ ಪರವಾಗಿ ನಿಲ್ಲುವುದು ಆ ಪುಸ್ತಕ.

ದಾರಿ ಇದೆಯಾ ಅಂತ ಕೇಳಿದಿರಿ. ಒಂದು ದೊಡ್ಡ ದಾರಿ 2022ರ ಏಪ್ರಿಲ್‌ನಲ್ಲಿ ತೆರೆಯಿತು. ಗುಜರಾತಿನ ಅಂಗನವಾಡಿಯವರ ಪ್ರಕರಣದಲ್ಲಿ, ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಗ್ರಾಚುಟಿ ಕಾಯ್ದೆ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅವರಿಗೆ ಸಿಗುವುದು ಗೌರವಧನ ಅಂತ ಹೆಸರಿಟ್ಟರೂ ಕಾಯ್ದೆಯ ಕಣ್ಣಿಗೆ ಅದು ವೇತನವೇ. 2025ರ ನವೆಂಬರ್‌ನಲ್ಲಿ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂತು. ಕಾಯ್ದೆಯಲ್ಲಿದ್ದ ಲೆಕ್ಕ ಹೀಗೆ: ಕೊನೆಯ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷದಿಂದ ಗುಣಿಸಬೇಕು. ಕೊನೆಗೆ 12,000 ಬರುತ್ತಿದ್ದು 30 ವರ್ಷ ಸೇವೆ ಆಗಿದ್ದರೆ ಸುಮಾರು 2,07,692 ರೂಪಾಯಿ. ಚಿಕ್ಕ ಹಣವಲ್ಲ. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ ಅಂಗನವಾಡಿ, ಆಶಾ ಕಾರ್ಯಕರ್ತೆಯರನ್ನೂ ಆಯುಷ್ಮಾನ್ ಭಾರತ್‌ಗೆ ಸೇರಿಸಿದರು. ಕಾರ್ಡು ಮಾಡಿಸಿಲ್ಲದಿದ್ದರೆ ಮಾಡಿಸಲಿ. ವಯಸ್ಸು 40 ದಾಟಿಲ್ಲ, ತಿಂಗಳ ಆದಾಯ 15,000ದ ಒಳಗೆ ಅಂದರೆ ಶ್ರಮಯೋಗಿ ಮಾನಧನ್ ಯೋಜನೆಗೂ ಸೇರಬಹುದು. 60ರ ನಂತರ ತಿಂಗಳಿಗೆ 3,000 ರೂಪಾಯಿ. ಕಡಿಮೆಯೇ, ಆದರೆ ಅವರು ಕಟ್ಟಿದಷ್ಟನ್ನು ಕೇಂದ್ರವೂ ಕಟ್ಟುತ್ತದೆ.

ಗ್ರಾಚುಟಿಯಲ್ಲಿ ಜಗಳ ಬರುವುದು ಯಾವಾಗಲೂ ಸೇವೆಯ ವರ್ಷದ ಮೇಲೆ. ನಿಮ್ಮ ಹಾಗೆ ಅವರಿಗೆ ಸೇವಾ ಪುಸ್ತಕ ಇಲ್ಲ. ಮೊದಲ ನೇಮಕದ ಪತ್ರ, ಕೆಲಸಕ್ಕೆ ಹಾಜರಾದ ವರದಿ, ಕೇಂದ್ರ ಬದಲಾಗಿದ್ದರೆ ಅದರ ಆದೇಶ, ಗೌರವಧನ ಬಿದ್ದ ಬ್ಯಾಂಕ್ ಪಾಸ್‌ಬುಕ್‌ಗಳು, ಹಳೆಯವೂ ಸೇರಿ, ಇವೇ ಅವರ ಸೇವಾ ಪುಸ್ತಕ. ಮುಂದಿನ ಭಾನುವಾರ ನಾದಿನಿ ಮನೆಗೆ ಹೋಗಿ, ಟ್ರಂಕಿನಲ್ಲಿ ಏನೇನಿದೆ ಅಂತ ಇಬ್ಬರೂ ಕೂತು ತೆಗೆಯಿರಿ. ನೇಮಕದ ಪತ್ರ ಗೆದ್ದಲು ತಿಂದಿದ್ದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅರ್ಜಿ ಬರೆದು ಕಡತದಿಂದ ದೃಢೀಕರಿಸಿದ ನಕಲು ಕೇಳಲಿ. ಅರ್ಜಿ ನೀವೇ ಬರೆದುಕೊಡಿ ಟೀಚರೇ, ನಿಮ್ಮ ಅಕ್ಷರ ಚೆನ್ನಾಗಿದೆ.